ಸ್ನಾನದ ಚರಿತ್ರೆ ಮತ್ತು ಹಿರಿಯರ ಹೃದಯ

ಸ್ನಾನವೆಂಬುದು ನಮ್ಮ ನಾಡಿನಲ್ಲಿ ಕೇವಲ ಮೈ ತೊಳೆಯುವ ಕೆಲಸವಾಗಿರಲಿಲ್ಲ, ಅದಕ್ಕೊಂದು ಶಾಸ್ತ್ರವಿತ್ತು. ಸುಮಾರು 7ನೆಯ ಶತಮಾನದ ವಾಗ್ಭಟನು ‘ಅಷ್ಟಾಂಗಹೃದಯ’ದ ದಿನಚರ್ಯೆಯ ಅಧ್ಯಾಯದಲ್ಲಿ, ಬಿಸಿನೀರು ದೇಹದ ಕೆಳಭಾಗಕ್ಕೆ ಬಲದಾಯಕ, ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿ ಎಂದಿದ್ದಾನೆ. ಊಟವಾದ ಕೂಡಲೇ, ಅಜೀರ್ಣ, ಅತಿಸಾರಗಳಿರುವಾಗ ಸ್ನಾನ ಸಲ್ಲದೆಂದೂ ವಿಧಿಸಿದ್ದಾನೆ. ದೂರದ ಲಿವರ್‌ಪೂಲಿನಲ್ಲಿ ಜೇಮ್ಸ್ ಕರಿ ಎಂಬ ವೈದ್ಯನು ಜ್ವರಪೀಡಿತರಿಗೆ ತಣ್ಣೀರು ಸುರಿದು, ಉಷ್ಣಮಾಪಕದಿಂದ ಮೈಶಾಖವನ್ನು ಅಳೆದು, 1797ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ದಣಿದು ಬೆವರುತ್ತಿರುವ ಮೈಗೆ ತಣ್ಣೀರು ಅಪಾಯವೆಂದು ಅವನೂ ಎಚ್ಚರಿಸಿದನು.

ಇನ್ನು ನಮ್ಮ ಹಳೆಯ ಬಚ್ಚಲುಮನೆ. ಒಲೆಯ ಮೇಲೆ ತಾಮ್ರದ ಹಂಡೆ, ಕೆಳಗೆ ತೆಂಗಿನ ಗರಿ, ಕರಟಗಳ ಉರಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಆ ಉರಿ ನೀರನ್ನಷ್ಟೇ ಅಲ್ಲದೆ ಕೋಣೆಯನ್ನೂ ಬೆಚ್ಚಗಾಗಿಸುತ್ತಿತ್ತು. ಹೊಗೆ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತು.

ಬೆಚ್ಚನೆಯ ಕೋಣೆಯ ಮಹತ್ವವನ್ನು ಜಪಾನೀಯರ ಅನುಭವ ಸ್ಪಷ್ಟಪಡಿಸುತ್ತದೆ. ಅಲ್ಲಿ ಚಳಿಗಾಲದಲ್ಲಿ ಸ್ನಾನದ ತೊಟ್ಟಿಯಲ್ಲಿಯೇ ಅಸುನೀಗುವ ವೃದ್ಧರು ಬಹುಮಂದಿ. ತಣ್ಣನೆಯ ಕೋಣೆಯಲ್ಲಿ ಬಟ್ಟೆ ಕಳಚಿದಾಗ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ; ಬಿಸಿನೀರಿಗಿಳಿದಾಗ ನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ. ಥಟ್ಟನೆ ಎದ್ದರೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಆದುದರಿಂದಲೇ ಅಲ್ಲಿನ ಸರ್ಕಾರವು, ಕೋಣೆಯನ್ನು ಮೊದಲೇ ಬೆಚ್ಚಗಾಗಿಸಿರಿ, ನೀರು 41 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ತೊಟ್ಟಿಯಲ್ಲಿ 10 ನಿಮಿಷ ಸಾಕು, ನಿಧಾನವಾಗಿ ಏಳಿರಿ ಎಂದು ಹೇಳುತ್ತದೆ.

ತಲೆಗೆ ಮೊದಲು ನೀರು ಸುರಿದರೆ ಪಾರ್ಶ್ವವಾಯು ಬರುವುದೆಂಬ ಸಂದೇಶವೊಂದು ಮೊಬೈಲುಗಳಲ್ಲಿ ಸಂಚರಿಸುತ್ತಿರುತ್ತದೆ. ಅದಕ್ಕೆ ತಕ್ಕ ವೈಜ್ಞಾನಿಕ ಆಧಾರವಿಲ್ಲ. ಸುರಿಯುವ ಕ್ರಮಕ್ಕಿಂತ ಹಠಾತ್ತನೆ ತಾಗುವ ಅತಿ ಶೀತ, ಅತಿ ಉಷ್ಣಗಳೇ ಹೃದಯಕ್ಕೆ ಹೊರೆ.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಹಿರಿಯರಿಗಾಗಿ ಇಷ್ಟು ಮಾಡಿರಿ. ಉಗುರುಬೆಚ್ಚಗಿನ ನೀರಿರಲಿ. ಕುಳಿತುಕೊಳ್ಳಲು ಗಟ್ಟಿಯಾದ ಸ್ಟೂಲು, ಗೋಡೆಗೆ ಹಿಡಿಕೆ, ಜಾರದ ನೆಲವಿರಲಿ. ಎಣ್ಣೆಸ್ನಾನದ ದಿನ ನೆಲದ ಜಿಡ್ಡನ್ನು ತೊಳೆಯಿರಿ. ಒಳಗಿನಿಂದ ಚಿಲಕ ಬೇಡ. ಹೊರಗೊಬ್ಬರು ಕರೆದರೆ ಕೇಳುವಷ್ಟು ಹತ್ತಿರವಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಗ್ಯಾಸ್ ಗೀಸರನ್ನು ಮುಚ್ಚಿದ ಸ್ನಾನದ ಕೋಣೆಯೊಳಗೆ ಇರಿಸಬೇಡಿರಿ. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಹೋಗಲು ಇಂದಿನ ಕಾಂಕ್ರೀಟು ಸೂರಿನಲ್ಲಿ ಹೆಂಚಿನ ಸಂದಿಯೂ ಇಲ್ಲ.