ಗಾಟ್‌ಲೆಂಡ್ ದ್ವೀಪ ಮತ್ತು ವಿದ್ಯುತ್ ಪರಿವರ್ತನೆಯ ಸ್ಥಿರತೆ

1954ರಲ್ಲಿ ಸ್ವೀಡನ್ನಿನ ಮುಖ್ಯಭೂಮಿಯಿಂದ ಗಾಟ್‌ಲೆಂಡ್ ದ್ವೀಪಕ್ಕೆ ಸಮುದ್ರದಡಿಯ ಕೇಬಲ್ಲಿನಲ್ಲಿ ಡಿ.ಸಿ. ವಿದ್ಯುತ್ತು ಹರಿಯಲಾರಂಭಿಸಿತು. ಒತ್ತಡ 100 ಕಿಲೋವೋಲ್ಟ್. ಸಾಮರ್ಥ್ಯ 20 ಮೆಗಾವಾಟ್. ದೂರ ಸುಮಾರು 98 ಕಿಲೋಮೀಟರ್. ಈ ಸಾಧನೆಯನ್ನು ವರ್ಣಿಸುವವರು ಬಹುಮಟ್ಟಿಗೆ ಉನೊ ಲಾಮ್ ಅವರು ದೀರ್ಘಕಾಲ ಶ್ರಮಿಸಿ ರೂಪಿಸಿದ ಪಾದರಸ ವಾಲ್ವಿನ ಕಥೆಯನ್ನೇ ಹೇಳಿ ಮುಗಿಸುವರು. ವಾಲ್ವಿನ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದ್ವೀಪದ ತುದಿಯಲ್ಲಿದ್ದ ತೊಡಕನ್ನು ಕಾಣದೆ ಈ ಇತಿಹಾಸವು ಪೂರ್ಣವಾಗದು.

ಪಾದರಸ ವಾಲ್ವನ್ನು ಹೊತ್ತಿಸಬಹುದು. ಇಚ್ಛೆ ಬಂದಾಗ ಆರಿಸಲಾಗದು. ಪ್ರವಾಹವು ಒಂದು ವಾಲ್ವಿನಿಂದ ಮುಂದಿನದಕ್ಕೆ ದಾಟಬೇಕಾದರೆ ಹೊರಗಿನ ಎ.ಸಿ. ಜಾಲದ ಒತ್ತಡವೇ ಅದನ್ನು ದಾಟಿಸಬೇಕು. ಜಾಲವು ದುರ್ಬಲವಾಗಿ ಒತ್ತಡ ಕುಸಿದರೆ ಆರಬೇಕಾದ ವಾಲ್ವು ಆರದೆ ಉಳಿಯುವುದು, ಡಿ.ಸಿ. ಒತ್ತಡ ಬಿದ್ದುಹೋಗಿ ಪ್ರವಾಹ ಉಕ್ಕುವುದು. ಚಿಕ್ಕ ದ್ವೀಪದ ಜಾಲಕ್ಕೆ ಅಂತಹ ಬಲವೆಲ್ಲಿಯದು? ಆದುದರಿಂದ ಅಲ್ಲಿ ಸಿಂಕ್ರನಸ್ ಕಂಡೆನ್ಸರ್ ಎಂಬ ತಿರುಗುವ ಯಂತ್ರವನ್ನಿರಿಸಿ, ಒತ್ತಡವನ್ನು ಎತ್ತಿಹಿಡಿಯಬೇಕಾಯಿತು. ಹೊಸ ವಿದ್ಯೆಯು ಹಳೆಯ ಯಂತ್ರವೊಂದರ ಹೆಗಲನ್ನು ಆಶ್ರಯಿಸಿ ನಿಂತಿತೆಂದರೆ ಅತಿಶಯೋಕ್ತಿಯಾಗದು.

1970ರಲ್ಲಿ ಇದೇ ಮಾರ್ಗಕ್ಕೆ ಥೈರಿಸ್ಟರ್ ವಾಲ್ವುಗಳು ಸೇರಿದುವು. ಪಾದರಸ ಹೋಗಿ ಸಿಲಿಕಾನ್ ಬಂದರೂ ಜಾಲದ ಮೇಲಣ ಅವಲಂಬನೆ ತಪ್ಪಲಿಲ್ಲ. 2003ರಲ್ಲಿ ಒರಿಸ್ಸಾದ ತಾಲ್ಚೇರಿನಿಂದ ವಿದ್ಯುತ್ತನ್ನು ಪಡೆಯತೊಡಗಿದ ನಮ್ಮ ಕೋಲಾರದ ನಿಲಯವೂ ಈ ವಂಶಕ್ಕೇ ಸೇರಿದುದು.

ಅವಲಂಬನೆಯನ್ನು ಕಳೆದ ಪರಿವರ್ತಕವೂ ಗಾಟ್‌ಲೆಂಡಿಗೆ ಬಂದಿತು. ದ್ವೀಪದ ದಕ್ಷಿಣ ಭಾಗದ ಗಾಳಿಯಂತ್ರಗಳ ವಿದ್ಯುತ್ತನ್ನು ಒಯ್ಯಲು 1999ರಲ್ಲಿ 50 ಮೆಗಾವಾಟಿನ, 70 ಕಿಲೋಮೀಟರ್ ಉದ್ದದ ಮಾರ್ಗವನ್ನು ತೆರೆದರು. ಇದರ ಟ್ರಾನ್ಸಿಸ್ಟರುಗಳನ್ನು ಬೇಕೆಂದಾಗ ಆರಿಸಬಹುದು. ಇದರಿಂದ ಸ್ಥಿರತೆಯ ಪ್ರಶ್ನೆ ತೀರಿತೆಂದು ಕೆಲವರು ಬರೆದಿರುವುದುಂಟು. ನಮಗೆ ಅದು ಸಮ್ಮತವಲ್ಲ. ಪ್ರಶ್ನೆಯು ಎ.ಸಿ. ಬದಿಯಿಂದ ಡಿ.ಸಿ. ಬದಿಗೂ ಹಬ್ಬಿತೆನ್ನುವುದೇ ಸರಿ. ಇಂತಹ ಪರಿವರ್ತಕವನ್ನು ನಿಯತ ಶಕ್ತಿಯನ್ನು ಸೆಳೆಯುವಂತೆ ನಿಯಂತ್ರಿಸಿದರೆ, ಡಿ.ಸಿ. ಒತ್ತಡ ಇಳಿದೊಡನೆ ಅದು ಹೆಚ್ಚು ಪ್ರವಾಹವನ್ನು ಸೆಳೆಯುವುದು. ಸಾಮಾನ್ಯ ರೋಧವು ಕಂಪನವನ್ನು ಅಡಗಿಸಿದರೆ, ಈ ವಿಪರೀತ ವರ್ತನೆಯು ಕೇಬಲ್ಲಿನಲ್ಲಿ ಸಹಜವಾಗಿರುವ ಕಂಪನವನ್ನು ಬೆಳೆಯಿಸಬಲ್ಲುದು. ಹಲವು ನಿಲಯಗಳು ಒಂದೇ ಡಿ.ಸಿ. ಜಾಲಕ್ಕೆ ಸೇರಿದಲ್ಲಿ ಒಂದರ ನಿಯಂತ್ರಣ ಮತ್ತೊಂದನ್ನು ಕದಲಿಸುವ ಭಯವೂ ಇದೆ. ಅದಕ್ಕಾಗಿ, ಒತ್ತಡ ಇಳಿದಾಗ ಪ್ರತಿ ನಿಲಯವೂ ತಾನು ಸೆಳೆಯುವ ಶಕ್ತಿಯನ್ನು ಕೊಂಚ ತಗ್ಗಿಸುವ ಕ್ರಮವನ್ನು ಎಂಜಿನಿಯರರು ರೂಪಿಸಿದ್ದಾರೆ.