ಕಾಣಲೆಂದೇ ತೊಟ್ಟ ಕೆಂಪು

ಸಂಸ್ಕೃತದ ‘ದಂಡ’ ಎಂಬ ಶಬ್ದಕ್ಕೆ ಕೋಲು ಎಂಬ ಅರ್ಥವುಂಟು, ಶಿಕ್ಷೆ ಎಂಬ ಅರ್ಥವುಂಟು, ಸೈನ್ಯ ಎಂಬ ಅರ್ಥವೂ ಉಂಟು. ಕನ್ನಡದ ‘ದಂಡು’ ಅದರಿಂದಲೇ ಬಂದದ್ದು. ಬೆಂಗಳೂರಿನ ಹಳಬರ ಬಾಯಲ್ಲಿ ಕಂಟೋನ್ಮೆಂಟು ಇಂದಿಗೂ ದಂಡೇ. ದಂಡಿಗೂ ದಂಡನೆಗೂ ಬೇರು ಒಂದೇ ಆದದ್ದು ಸುಮ್ಮನೆ ಒದಗಿದ ಮಾತೆಂದು ನನಗೆ ತೋರುವುದಿಲ್ಲ. ಆಯುಧ ಹಿಡಿದ ಹತ್ತು ಸಾವಿರ ಮಂದಿ ಒಂದೆಡೆ ಸೇರಿದಾಗ ಶತ್ರುವಿನ ಭಯ ಒಂದು. ಆ ಮಂದಿಯೇ ಕೈಮೀರಿ ಹೋದಾರೆಂಬ ಭಯ ಇನ್ನೊಂದು. ಈ ಎರಡನೆಯ ಭಯದಿಂದ ಹುಟ್ಟಿದವನು ಸೈನಿಕ ಪೋಲೀಸಿನವನು. ಅವನೂ ಸಿಪಾಯಿಯೇ, ಆದರೆ ಸಿಪಾಯಿಗಳನ್ನು ತಡೆದು ನಿಲ್ಲಿಸುವ ಸಿಪಾಯಿ. ಹಾಗಾದರೆ ಆ ಗುಂಪಿನಲ್ಲಿ ಅವನನ್ನು ಗುರುತಿಸುವುದು ಹೇಗೆ? ಅವನ ಟೋಪಿ, ತೋಳುಪಟ್ಟಿ, ಬಿಲ್ಲೆಗಳ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದದ್ದು.

ಇಂಗ್ಲಿಷರ ಸೈನ್ಯದಲ್ಲಿ ಈ ಕೆಲಸದ ಯಜಮಾನನಿಗೆ ಪ್ರೊವೊಸ್ಟ್ ಮಾರ್ಷಲ್ ಎಂದು ಹೆಸರು. ಬರೆಯುವುದು ಪ್ರೊವೊಸ್ಟ್, ಸೈನ್ಯದವರು ಉಚ್ಚರಿಸುವುದು ಪ್ರೊವೊ. ಲ್ಯಾಟಿನ್ನಿನಲ್ಲಿ ‘ಮೇಲೆ ಇರಿಸಲ್ಪಟ್ಟವನು’ ಎಂಬುದು ಅದರ ಮೂಲಾರ್ಥ. ಎಂಟನೆಯ ಹೆನ್ರಿಯ ಕಾಲಕ್ಕಾಗಲೇ, ಅಂದರೆ ಹದಿನಾರನೆಯ ಶತಮಾನದ ಮೊದಲಲ್ಲೇ, ಈ ಅಧಿಕಾರಿ ಇದ್ದ. ಅವನ ಕೈಕೆಳಗಿನ ಆಳುಗಳು ಮಾತ್ರ ಯುದ್ಧ ಬಂದಾಗ ಕೂಡುತ್ತಿದ್ದರು, ಮುಗಿದೊಡನೆ ಚದರುತ್ತಿದ್ದರು. ಅಂಥವರಿಗೆ ನಿಂತ ಸಮವಸ್ತ್ರವೆಲ್ಲಿ, ಬಿಲ್ಲೆಯೆಲ್ಲಿ?

ಇಷ್ಟು ಸಾಲದು ಎಂಬುದು ಕಣ್ಣಿಗೆ ಹೊಡೆದು ಕಂಡದ್ದು ನೆಪೋಲಿಯನ್ನನ ಕಾಲದ ಸ್ಪೇನಿನಲ್ಲಿ. ೧೮೧೨ರ ಏಪ್ರಿಲಿನಲ್ಲಿ ವೆಲಿಂಗ್ಟನ್ನನ ಸೈನ್ಯ ಬಡಹೋಸ್ ಎಂಬ ಕೋಟೆಯ ಪಟ್ಟಣವನ್ನು ಫ್ರೆಂಚರಿಂದ ಕಿತ್ತುಕೊಂಡಿತು. ಗೋಡೆಯ ಬಿರುಕಿನಲ್ಲಿ ನುಗ್ಗುವಾಗ ಸತ್ತ ಸಿಪಾಯಿಗಳಿಗೆ ಲೆಕ್ಕವಿಲ್ಲ. ಒಳಹೊಕ್ಕವರು ಹೆಂಡದ ಪೀಪಾಯಿಗಳನ್ನೊಡೆದು, ಮನೆಗಳನ್ನು ಸೂರೆಗೊಂಡು, ಹೆಂಗಸರನ್ನು ಕೆಡಿಸಿ, ದಿನಗಟ್ಟಲೆ ಯಾರ ಮಾತಿಗೂ ಬಗ್ಗಲಿಲ್ಲ. ಆ ಊರಿನವರು ಶತ್ರುಗಳೇನಲ್ಲ. ಇಂಗ್ಲಿಷರು ಯಾರನ್ನು ಬಿಡಿಸಲು ಬಂದೆವೆಂದು ಹೇಳಿಕೊಳ್ಳುತ್ತಿದ್ದರೋ ಆ ಸ್ಪೇನಿನ ಪ್ರಜೆಗಳೇ. ಕೊನೆಗೆ ಸೇನಾಪತಿ ಚೌಕದಲ್ಲಿ ಗಲ್ಲುಗಂಬ ನೆಡಿಸಬೇಕಾಯಿತು. ಮರುವರ್ಷ, ೧೮೧೩ರಲ್ಲಿ, ಕ್ಯಾವಲ್ರಿ ಸ್ಟಾಫ್ ಕೋರ್ ಎಂಬ ಕುದುರೆ ಸವಾರರ ಪಡೆಯೊಂದು ಏರ್ಪಟ್ಟಿತು. ಸೈನ್ಯದ ಶಿಸ್ತು ನೋಡಿಕೊಳ್ಳುವುದು ಅದರ ಹೊಣೆ. ಗುರುತು: ಬಲಗಡೆಯ ಭುಜಕ್ಕೆ ಸುತ್ತಿದ ಒಂದು ಕೆಂಪು ವಸ್ತ್ರ.

ಈ ತುಂಡು ಬಟ್ಟೆಯಿಂದಲೇ ಮುಂದಿನ ಕೆಂಪು ಟೋಪಿ ಹುಟ್ಟಿತೆಂದು ಆ ಪಡೆಯವರ ಸಂಪ್ರದಾಯ. ಆದರೆ ಇಲ್ಲಿ ಒಂದು ಸ್ವಾರಸ್ಯವುಂಟು. ಆ ಕಾಲದಲ್ಲಿ ಇಂಗ್ಲಿಷ್ ಕಾಲಾಳುಗಳ ಅಂಗಿಯೇ ಕೆಂಪು. ಕೆಂಪಿನ ಸಮುದ್ರದಲ್ಲಿ ಕೆಂಪು ವಸ್ತ್ರ ಎಷ್ಟು ಕಂಡೀತು? ಅದು ಎದ್ದು ಕಾಣಬೇಕಾದರೆ ಉಳಿದ ಸೈನ್ಯ ಬಣ್ಣ ಬದಲಿಸಬೇಕಿತ್ತು. ಆ ಬದಲಾವಣೆ ಹೊರಟದ್ದು ನಮ್ಮ ದೇಶದಿಂದ. ೧೮೪೦ರ ದಶಕದಲ್ಲಿ ವಾಯವ್ಯ ಗಡಿಯ ಗೈಡ್ಸ್ ಪಡೆಗೆ ಲಮ್ಸ್‌ಡನ್ ಎಂಬ ಅಧಿಕಾರಿ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದ. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು, ಅದರಿಂದ ಖಾಕಿ. ದೂರಕ್ಕೆ ಗುಂಡು ಹಾರುವ ಬಂದೂಕುಗಳು ಬಂದಮೇಲೆ ಕಾಣದಿರುವುದೇ ಸಿಪಾಯಿಯ ಜಾಣತನವಾಯಿತು. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಇಡೀ ಇಂಗ್ಲಿಷ್ ಸೈನ್ಯ ಧೂಳಿನ ಬಣ್ಣ ಬಳಿದುಕೊಂಡಿತ್ತು.

ಅಷ್ಟರಲ್ಲಿ ಸೈನಿಕ ಪೋಲೀಸಿನ ಪಡೆಗಳು ಶಾಶ್ವತವಾಗಿದ್ದುವು: ೧೮೭೭ರಲ್ಲಿ ಕುದುರೆಯ ಪೋಲೀಸು, ೧೮೮೫ರಲ್ಲಿ ಕಾಲುನಡೆಯ ಪೋಲೀಸು. ಇವೆರಡೂ ೧೯೨೬ರಲ್ಲಿ ಒಂದಾದುವು. ಎಲ್ಲರೂ ಅಡಗಿಕೊಳ್ಳುವ ಬಣ್ಣ ತೊಟ್ಟಾಗ ಇವರೊಬ್ಬರ ತಲೆಯ ಮೇಲೆ ಕಡುಗೆಂಪು ಹೊದಿಕೆ ಉಳಿಯಿತು. ‘ರೆಡ್ ಕ್ಯಾಪ್’ ಎಂಬ ಅಡ್ಡಹೆಸರೇ ನಿಂತುಬಿಟ್ಟಿತು. ಬಲಿಷ್ಠ ಸೈನ್ಯಗಳೆಲ್ಲ ಮರೆಯಾಗುವ ವಿದ್ಯೆ ಕಲಿಯುತ್ತಿದ್ದಾಗ ಕಾಣಿಸಿಕೊಳ್ಳುವುದನ್ನೇ ಕಸುಬಾಗಿ ಇಟ್ಟುಕೊಂಡವನು ಇವನೊಬ್ಬ.

ಟೋಪಿಯ ಜೊತೆಗೆ ತೋಳುಪಟ್ಟಿ: ಕಪ್ಪು ಬಟ್ಟೆಯ ಮೇಲೆ ಕೆಂಪಿನಲ್ಲಿ ‘ಎಂ. ಪಿ.’ ಎಂಬ ಎರಡಕ್ಷರ. ಬಿಲ್ಲೆಯನ್ನು ಎದೆಗೋ ಟೋಪಿಗೋ ಚುಚ್ಚಿಕೊಂಡರೆ ಹತ್ತಿರ ಬಂದವನಿಗೆ ಮಾತ್ರ ಕಾಣುತ್ತದೆ. ನಾಲ್ಕು ದಾರಿ ಕೂಡುವಲ್ಲಿ ನಿಂತು ಕೈಯೆತ್ತಿ ಲಾರಿಗಳನ್ನು ತಡೆಯುವವನಿಗೆ ತೋಳಿನಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ. ಇನ್ನೊಂದು ವಿಶೇಷವೆಂದರೆ, ತೋಳುಪಟ್ಟಿಯನ್ನು ಕಟ್ಟಿಕೊಳ್ಳಬಹುದು, ಬಿಚ್ಚಿಡಬಹುದು. ಅಧಿಕಾರ ಪಹರೆಯ ಹೊತ್ತಿಗೆ ಸೇರಿದ್ದು ಎಂಬುದನ್ನು ಅದು ಬಾಯಿ ಬಿಡದೆ ಹೇಳುತ್ತದೆ.

ನಮ್ಮ ಶಾಲೆಯ ಎನ್. ಸಿ. ಸಿ. ಹುಡುಗನೊಬ್ಬ, “ಸಾರ್, ಕೆಂಪು ಟೋಪಿಯೆಂದರೆ ದೊಡ್ಡ ಪದವಿಯೇ?” ಎಂದು ಕೇಳಿದ್ದುಂಟು. ಪದವಿ ಚಿಕ್ಕದೇ. ಇಂಗ್ಲೆಂಡಿನಲ್ಲಿ ತರಬೇತಿ ಮುಗಿಸಿದ ಸೈನಿಕ ಪೋಲೀಸಿನವನನ್ನು ಕೂಡಲೇ ಲಾನ್ಸ್ ಕಾರ್ಪೊರಲ್ ಮಾಡುತ್ತಾರೆ. ಸಾಮಾನ್ಯ ಸಿಪಾಯಿಗಿಂತ ಒಂದೇ ಮೆಟ್ಟಿಲು ಮೇಲೆ. ಆದರೂ ಮುಚ್ಚಿದ ದಾರಿಯಲ್ಲಿ ಅವನು ಕೈಯೊಡ್ಡಿದರೆ ಕರ್ನಲನ ಕಾರೂ ನಿಲ್ಲಬೇಕು. ನಿಲ್ಲಿಸುವುದು ಅವನ ಪದವಿಯ ಬಲದಿಂದಲ್ಲ, ಆ ಗುರುತಿನ ಬಲದಿಂದ. ಹಿಂದೆ ಚಾಲುಕ್ಯರ ತಾಮ್ರಶಾಸನದ ಬಳೆಗೆ ಒತ್ತಿದ ವರಾಹವನ್ನು ಕಂಡವರು ತಂದ ದೂತನ ಕುಲಗೋತ್ರ ವಿಚಾರಿಸಿರಲಾರರು. ಇಂಗ್ಲೆಂಡಿನ ಈ ಪಡೆಯ ಟೋಪಿಬಿಲ್ಲೆಯಲ್ಲಿಯೂ ಎಲೆಯ ಹಾರದ ನಡುವೆ ಇರುವುದು ಆಳುವ ದೊರೆಯ ಹೆಸರಿನ ಮೊದಲಕ್ಷರಗಳೇ, ಮೇಲೊಂದು ಕಿರೀಟ. ದೊರೆ ಬದಲಾದಾಗ ಅಕ್ಷರವೂ ಬದಲಾಗಬೇಕು.

ಗುರುತು ದೊಡ್ಡದಾದಷ್ಟೂ ಅದರ ನೆರಳೂ ದೊಡ್ಡದು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳ ಹಿಂದಿನ ದಾರಿಗಳಲ್ಲಿ ನಿಂತು, ಗುಂಪು ತಪ್ಪಿದವರನ್ನು ಹಿಡಿದು ಮರಳಿ ಕಳಿಸುತ್ತಿದ್ದವರು ಕೆಂಪು ಟೋಪಿಯವರು. ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ತನ್ನ ಸೈನ್ಯವೇ ಗುಂಡಿಕ್ಕಿ ಕೊಂದ ೩೦೬ ಮಂದಿಯನ್ನು ಬ್ರಿಟಿಷ್ ಸರಕಾರ ೨೦೦೬ರಲ್ಲಿ ಕ್ಷಮಿಸಿತು. ಸತ್ತು ತೊಂಬತ್ತು ವರ್ಷದ ಮೇಲೆ ಬಂದ ಕ್ಷಮೆ! ಅಂದಿನ ಸಿಪಾಯಿಗೆ ಆ ಕೆಂಪನ್ನು ಕಂಡರೆ ಅಕ್ಕರೆ ಹುಟ್ಟದಿದ್ದುದರಲ್ಲಿ ಆಶ್ಚರ್ಯವೇನು?

ಇದೇ ಮಾತಿನ ಕಟುವಾದ ನಿದರ್ಶನ ಜರ್ಮನಿಯದು. ಕವಚ ತೊಡುತ್ತಿದ್ದ ಕಾಲದಲ್ಲಿ ಯೋಧರು ಕುತ್ತಿಗೆಯ ರಕ್ಷಣೆಗೆ ಒಂದು ಲೋಹದ ಫಲಕ ಕಟ್ಟುತ್ತಿದ್ದರು. ಬಂದೂಕು ಬಂದು ಕವಚ ಹೋಯಿತು. ಆ ಫಲಕ ಮಾತ್ರ ಕಿರಿದಾಗಿ, ಬಾಲಚಂದ್ರನ ಆಕಾರ ತಾಳಿ, ಯೂರೋಪಿನ ಅಧಿಕಾರಿಗಳ ಕೊರಳಿನ ಒಡವೆಯಾಯಿತು. ಎರಡನೆಯ ಮಹಾಯುದ್ಧದ ಜರ್ಮನ್ ಸೈನಿಕ ಪೋಲೀಸು, ಅಂದರೆ ಫೆಲ್ಡ್‌ಜೆಂಡಾರ್ಮರಿ, ಸರಪಳಿಯಲ್ಲಿ ಕೊರಳಿಗೆ ತೂಗಿಕೊಂಡದ್ದು ಈ ಬಾಲಚಂದ್ರನನ್ನೇ. ಅದರ ಅಕ್ಷರಗಳಿಗೂ ಹದ್ದಿಗೂ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದಿತ್ತು. ರಾತ್ರಿಯ ದಾರಿಯಲ್ಲಿ ಮೊದಲು ಕಾಣುತ್ತಿದ್ದುದು ಮನುಷ್ಯನಲ್ಲ, ಎದೆಯ ಮೇಲಿನ ಹೊಳಪು. ಅವರ ಸ್ವಂತ ಸಿಪಾಯಿಗಳೇ ಅವರಿಗೆ ‘ಸರಪಳಿ ನಾಯಿಗಳು’ ಎಂದು ಹೆಸರಿಟ್ಟರು. ೧೯೪೫ರಲ್ಲಿ ಜರ್ಮನಿ ಕುಸಿಯುತ್ತಿದ್ದಾಗ, ಸರಿಯಾದ ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದವರನ್ನು ದಾರಿಬದಿಯಲ್ಲೇ ನೇಣುಹಾಕಿದ ಕಾಲವದು. ಕಸುಬಿನ ದೃಷ್ಟಿಯಿಂದ ಇಷ್ಟು ಚೆನ್ನಾಗಿ ಕಾಣುವ ಗುರುತನ್ನು ಬೇರೆ ಯಾರೂ ಮಾಡಲಿಲ್ಲ. ಇಷ್ಟು ಹಗೆ ಗಳಿಸಿದ ಗುರುತೂ ವಿರಳ.

ಅದೇ ಯುದ್ಧದಲ್ಲಿ ಇಂಗ್ಲಿಷರು ಒಂದು ಕೆಂಪು ಸಾಲದೆಂದು ನಾಟಕದ ಕಂಪನಿಯ ಬಣ್ಣದ ಪೆಟ್ಟಿಗೆಯನ್ನೇ ತೆರೆದರು. ವಾಹನಗಳನ್ನು ನಡೆಸುವವರಿಗೆ ಬಿಳಿಯ ಟೋಪಿ, ಮುಖ್ಯ ಕಟ್ಟಡ ಮೊದಲಾದುವನ್ನು ಕಾಯುವವರಿಗೆ ನೀಲಿ, ಗುಪ್ತಚಾರರ ಮೇಲೆ ಕಣ್ಣಿಡುವವರಿಗೆ ಹಸುರು! ಗುಟ್ಟಿನ ಕೆಲಸದವನಿಗೆ ಬಣ್ಣದ ಟೋಪಿ ಯಾಕೆಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಯುದ್ಧ ಮುಗಿದು ೧೯೪೬ರಲ್ಲಿ ದೊರೆ ಆ ಪಡೆಗೆ ‘ರಾಯಲ್’ ಎಂಬ ಬಿರುದು ಕೊಟ್ಟಾಗ ಉಳಿದದ್ದು ಹಳೆಯ ಕೆಂಪೇ. ಅಮೆರಿಕದವರ ಬಿಲ್ಲೆ ಬೇರೆ ಬಗೆಯದು. ಹಾರ್ಪರ್ಸ್ ಫೆರಿ ಎಂಬಲ್ಲಿನ ಸರಕಾರಿ ಕಾರ್ಖಾನೆಯಲ್ಲಿ ೧೮೦೫ರ ಮಾದರಿಯಂತೆ ಮಾಡಿದ ಎರಡು ಚಕಮಕಿ ಪಿಸ್ತೂಲುಗಳು ಅದರಲ್ಲಿ ಒಂದನ್ನೊಂದು ಅಡ್ಡಹಾಯ್ದಿವೆ. ಅದನ್ನು ಆರಿಸಿಕೊಂಡದ್ದು ೧೯೨೦ರ ದಶಕದಲ್ಲಿ. ಆ ಪಿಸ್ತೂಲು ಆಗಲೇ ವಸ್ತುಸಂಗ್ರಹಾಲಯ ಸೇರಿತ್ತು.

ನಮ್ಮ ದೇಶದಲ್ಲಿ ಈ ಪಡೆಯ ಬೀಜ ಬಿದ್ದದ್ದು ೧೯೩೯ರ ಜುಲೈಯಲ್ಲಿ, ಯುದ್ಧದ ಹೊಸ್ತಿಲಲ್ಲಿ, ಒಂದು ಚಿಕ್ಕ ಪ್ರೊವೊಸ್ಟ್ ತುಕಡಿಯಾಗಿ. ಸ್ವಾತಂತ್ರ್ಯ ಬಂದ ಮೇಲೆ, ೧೯೪೭ರ ಅಕ್ಟೋಬರ್ ೧೮ರಂದು, ಅದು ಭಾರತದ ಕೋರ್ ಆಫ್ ಮಿಲಿಟರಿ ಪೋಲೀಸ್ ಆಯಿತು. ಕೆಂಪು ಬೆರೆಟ್ ಟೋಪಿ, ಬಿಳಿಯ ಸೊಂಟಪಟ್ಟಿ, ಭುಜದಿಂದ ಇಳಿಬಿದ್ದ ಬಿಳಿಯ ಹೆಣಿಗೆದಾರ, ಕಪ್ಪು ತೋಳುಪಟ್ಟಿಯ ಮೇಲೆ ಕೆಂಪು ಅಕ್ಷರ: ಇವಿಷ್ಟು ಇಂಗ್ಲಿಷರಿಂದ ಬಂದ ಬಳುವಳಿ. ಆದರೆ ೧೯೫೦ರಲ್ಲಿ ಗಣರಾಜ್ಯವಾದೊಡನೆ ನಮ್ಮ ಸೈನ್ಯದ ಬಿಲ್ಲೆಗಳಿಂದ ಕಿರೀಟ ಇಳಿಯಿತು, ಅಶೋಕನ ಸಿಂಹಗಳು ಏರಿದುವು. ಪಡೆಯ ಧ್ಯೇಯವಾಕ್ಯವೂ ಮಾರ್ಪಟ್ಟಿತು. ಇಂಗ್ಲಿಷರ ಪಡೆ ಲ್ಯಾಟಿನ್ನಿನಲ್ಲಿ ‘ಮೇಲ್ಪಂಕ್ತಿ ಹಾಕಿ ನಡೆಸುವೆವು’ ಎನ್ನುತ್ತದೆ. ನಮ್ಮದು ‘ಸೇವಾ ತಥಾ ಸಹಾಯತಾ’. ಒಂದು ಮುಂದೆ ನಿಂತವನ ಮಾತು, ಇನ್ನೊಂದು ಪಕ್ಕದಲ್ಲಿ ನಿಂತವನ ಮಾತು. ಭಾಷೆಯ ಮೇಷ್ಟರಾದ ನನಗೆ ಈ ವ್ಯತ್ಯಾಸ ಹಿತವಾಗಿದೆ.

ಈ ಪಡೆಯ ಕೇಂದ್ರ ಮತ್ತು ಶಾಲೆ ಇರುವುದು ಬೆಂಗಳೂರಿನಲ್ಲೇ. ಪ್ಯಾರಾಚೂಟ್ ದಳದ ತರಬೇತಿ ಕೇಂದ್ರವೂ ಅದೇ ಊರಿನಲ್ಲಿರುವುದರಿಂದ ದಂಡಿನ ಬೀದಿಗಳಲ್ಲಿ ನೋಡುವವರಿಗೆ ಗೊಂದಲವಾಗುವುದುಂಟು. ಆಕಾಶದಿಂದ ಧುಮುಕುವವರ ಟೋಪಿ ಮಾಗಿದ ದ್ರಾಕ್ಷಿಯ ಕಡೆಗೆ ತಿರುಗಿದ ಕೆಂಪು. ಸೈನಿಕ ಪೋಲೀಸರದು ದಾಸವಾಳದ ಕೆಂಪು. ಎರಡನ್ನೂ ಅಕ್ಕಪಕ್ಕದಲ್ಲಿ ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ೨೦೨೧ರ ಮೇ ೮ರಂದು ಈ ಕೇಂದ್ರದ ದ್ರೋಣಾಚಾರ್ಯ ಮೈದಾನದಲ್ಲಿ ೮೩ ಹೆಣ್ಣುಮಕ್ಕಳು ೬೧ ವಾರಗಳ ತರಬೇತಿ ಮುಗಿಸಿ, ಸಾಂಕ್ರಾಮಿಕದ ಕಾಲವಾದ್ದರಿಂದ ಹೆಚ್ಚಿನ ಆಡಂಬರವಿಲ್ಲದೆ, ಸೈನಿಕ ಪೋಲೀಸಿಗೆ ಸೇರಿದರು. ಅಧಿಕಾರಿಗಳಲ್ಲದ ಸಿಪಾಯಿಗಳ ದರ್ಜೆಯಲ್ಲಿ ನಮ್ಮ ಭೂಸೈನ್ಯ ಹೆಂಗಸರನ್ನು ಮೊದಲು ತೆಗೆದುಕೊಂಡದ್ದು ಈ ಕೆಂಪು ಟೋಪಿಯ ಪಡೆಗೇ.