ತಾನೇ ಓಡುವ ಕಾರು, ಕಾವಲು ಕೂತ ಚಾಲಕ

ಸಂತೆ ಮುಗಿಸಿ ಬರುವಾಗ ಅಜ್ಜ ಗಾಡಿಯಲ್ಲೇ ನಿದ್ದೆ ಹೋದರೂ ಎತ್ತುಗಳು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಈ ಮಾತು ಕೇಳದ ಹಳ್ಳಿ ನಮ್ಮ ಕಡೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬಾಡಿಗೆ ಕಾರಿನಲ್ಲಿ ಬರುವಾಗ ನಮಗೆ ಅದೇ ನೆನಪಾಯಿತು. ಹೆದ್ದಾರಿ ಹತ್ತಿದ ಮೇಲೆ ಚಾಲಕ ಒಂದು ಬಟನ್ ಒತ್ತಿ, "ನೋಡಿ ಸಾರ್, ಇದು ತಾನೇ ಹೋಗುತ್ತೆ" ಎಂದು ಸ್ಟೀರಿಂಗ್‌ನಿಂದ ಕೈ ತೆಗೆದರು. ಕಾರು ಬಿಳಿ ಗೆರೆಗಳ ನಡುವೆ ನೆಟ್ಟಗೆ ಹೋಯಿತು. ಸ್ವಲ್ಪ ಹೊತ್ತಿಗೆ, ಕೈ ಇಡಿ ಎಂದು ಟಿಂಗ್ ಟಿಂಗ್ ಸದ್ದು ಬಂತು. ಅಷ್ಟರಲ್ಲಿ ಮುಂದೆ ಮೇವು ತುಂಬಿದ ಟ್ರ್ಯಾಕ್ಟರ್ ಕಂಡಿತು. ಹಿಂದೆ ದೀಪವಿಲ್ಲ. ಚಾಲಕ ಗಕ್ಕನೆ ಬ್ರೇಕ್ ತುಳಿದರು.

ಕಾರು ತಾನೇ ನಿಲ್ಲುತ್ತಿರಲಿಲ್ಲವೇ ಎಂದು ಕೇಳಿದೆವು. "ಅದಕ್ಕೆ ಕಂಡಿತ್ತೋ ಇಲ್ವೋ ಯಾರಿಗ್ಗೊತ್ತು ಸಾರ್? ನೋಡೋಣ ಅಂತ ಕಾಯೋಕಾಗುತ್ತಾ?" ಎಂದರು.

ಇಂಥ ಕಾರುಗಳನ್ನು ಪರೀಕ್ಷೆ ಮಾಡಿದವರೆಲ್ಲ ನಲವತ್ತು ವರ್ಷದಿಂದ ಎದುರಿಸಿದ ಪ್ರಶ್ನೆ ಇದೇ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಮೊದಲು ಕೂತವರು ಮಾಡಿದವರೇ

1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಅರ್ನ್‌ಸ್ಟ್ ಡಿಕ್‌ಮನ್ಸ್ ಎಂಬ ಪ್ರೊಫೆಸರ್ ಒಂದು ಮರ್ಸಿಡಿಸ್ ವ್ಯಾನಿಗೆ ಕ್ಯಾಮೆರಾ, ಕಂಪ್ಯೂಟರ್ ಜೋಡಿಸಿದರು. 1987ರಲ್ಲಿ ಅದು ವಾಹನಗಳಿಲ್ಲದ ಹೆದ್ದಾರಿಯಲ್ಲಿ ಗಂಟೆಗೆ 96 ಕಿ.ಮೀ. ವೇಗದಲ್ಲಿ ಓಡಿತು. 1995ರಲ್ಲಿ ಅವರ ತಂಡ ಮ್ಯೂನಿಕ್‌ನಿಂದ ಡೆನ್ಮಾರ್ಕ್‌ನ ಒಡೆನ್ಸೆಗೆ, ಜನ ಓಡಾಡುವ ರಸ್ತೆಯಲ್ಲೇ ಕಾರು ಒಯ್ದಿತು. ಒಂದು ಕಡೆಯಂತೂ ಮನುಷ್ಯರು ಕೈ ಹಾಕದೆ 158 ಕಿ.ಮೀ. ಸಾಗಿತು.

ಅದೇ ವರ್ಷ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ಪೊಮರ್ಲೊ ಮತ್ತು ಟಾಡ್ ಯೋಕೆಮ್ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡಿಯಾಗೊಗೆ ಹೊರಟರು. ಖರ್ಚಿಗೆಂದು ಟೀ ಶರ್ಟ್ ಮಾರಿದ್ದರು. 4,500 ಕಿ.ಮೀ.ಗೂ ಹೆಚ್ಚಿನ ದಾರಿಯಲ್ಲಿ ಶೇ. 98.2ರಷ್ಟು ದೂರ ಸ್ಟೀರಿಂಗ್ ತಿರುಗಿಸಿದ್ದು ಕಂಪ್ಯೂಟರ್. ಬ್ರೇಕ್, ಆಕ್ಸಿಲರೇಟರ್ ಮಾತ್ರ ಅವರ ಕಾಲಲ್ಲೇ ಇತ್ತು.

ಶೇ. 98.2 ಅಂದರೆ ಗೆದ್ದ ಹಾಗೆ ಅನ್ನಿಸುತ್ತದೆ. ಉಳಿದ ಶೇ. 1.8 ಎಷ್ಟು ಗೊತ್ತೇ? ಸುಮಾರು 80 ಕಿ.ಮೀ. ಬೆಂಗಳೂರಿನಿಂದ ಹೊರಟು ತುಮಕೂರು ದಾಟುವಷ್ಟು. ಆ 80 ಕಿ.ಮೀ. ಒಂದೇ ಕಡೆ ಬರುವುದಿಲ್ಲ. ಇಲ್ಲೊಂದಿಷ್ಟು, ಅಲ್ಲೊಂದಿಷ್ಟು ಬರುತ್ತದೆ. ಕೂತವರು ಪೂರ್ತಿ ದಾರಿ ಎಚ್ಚರವಿರಲೇಬೇಕು. ಅಂದು ಕೂತವರು ಯಂತ್ರವನ್ನು ಮಾಡಿದವರೇ ಆಗಿದ್ದರಿಂದ ಅದು ಎಲ್ಲಿ ತಪ್ಪುತ್ತದೆ ಎಂಬ ಅಂದಾಜು ಅವರಿಗಿತ್ತು.

ಕಾಯುವ ಕೆಲಸ ಸುಲಭವಲ್ಲ

ರಾತ್ರಿ ಅಟ್ಟಣೆ ಮೇಲೆ ಕೂತು ಹಂದಿ ಕಾಯುವವರಿಗೆ ಇದು ಗೊತ್ತು. ಹಂದಿ ದಿನಾ ಬಂದರೆ ಎಚ್ಚರ ಇರುತ್ತದೆ. ಹತ್ತು ದಿನ ಬಾರದಿದ್ದರೆ ಹನ್ನೊಂದನೇ ದಿನ ಕಣ್ಣು ಎಳೆಯುತ್ತದೆ.

ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನೇ ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ರೇಡಾರ್ ನೋಡುತ್ತ ಕೂರುವವರು ಯಾಕೆ ಗುರುತು ತಪ್ಪಿಸಿಕೊಳ್ಳುತ್ತಾರೆ ಎಂಬುದು ಪ್ರಶ್ನೆಯಾಗಿತ್ತು. ಗಡಿಯಾರದಂಥ ಒಂದು ಮುಳ್ಳನ್ನು ನೋಡುತ್ತ ಕೂರಲು ಹೇಳಿದರೆ, ಅರ್ಧ ಗಂಟೆಯೊಳಗೇ ಜನ ತಪ್ಪತೊಡಗಿದರು. ಅವರೇನು ಸೋಮಾರಿಗಳಲ್ಲ. ಮನುಷ್ಯರ ಮನಸ್ಸು ಇರುವುದೇ ಹಾಗೆ.

2009ರಲ್ಲಿ ಗೂಗಲ್ ಚಾಲಕರಿಲ್ಲದ ಕಾರಿನ ಕೆಲಸ ಶುರು ಮಾಡಿತು. ಕೆಲವು ವರ್ಷದ ನಂತರ, ಹೆದ್ದಾರಿಯಲ್ಲಿ ತಾನೇ ಓಡುವ ಕಾರುಗಳನ್ನು ತನ್ನ ನೌಕರರಿಗೇ ಓಡಾಡಲು ಕೊಟ್ಟಿತು. ರಸ್ತೆ ಮೇಲೆ ಕಣ್ಣಿಡಿ ಎಂದು ಹೇಳಿಯೇ ಕೊಟ್ಟಿತ್ತು. ಒಳಗಿನ ಕ್ಯಾಮೆರಾದಲ್ಲಿ ಕಂಡದ್ದೇ ಬೇರೆ. ಯಾರೋ ಫೋನ್ ನೋಡುತ್ತಿದ್ದರು, ಯಾರೋ ಮೇಕಪ್ ಮಾಡಿಕೊಳ್ಳುತ್ತಿದ್ದರು. ಒಬ್ಬರು ಗಂಟೆಗೆ 90 ಕಿ.ಮೀ. ವೇಗದಲ್ಲಿ ನಿದ್ದೆ ಮಾಡುತ್ತಿದ್ದರು! ಅರ್ಧ ಯಂತ್ರ, ಅರ್ಧ ಮನುಷ್ಯ ಎಂಬ ದಾರಿಯನ್ನೇ ಕಂಪನಿ ಕೈಬಿಟ್ಟಿತು.

ದುಡ್ಡು ಕೊಟ್ಟು ಪರೀಕ್ಷಕರಾದವರು

ಬೇರೆ ಕಂಪನಿಗಳು ಆ ದಾರಿ ಬಿಡಲಿಲ್ಲ. 2015ರ ಅಕ್ಟೋಬರ್‌ನಲ್ಲಿ ಟೆಸ್ಲಾ ಕಂಪನಿ, ನಮ್ಮ ಫೋನಿಗೆ ಅಪ್‌ಡೇಟ್ ಬರುವ ಹಾಗೆ, ಮಾರಿದ ಕಾರುಗಳಿಗೆ ಆಟೋಪೈಲಟ್ ಕಳಿಸಿತು. ಮರುವರ್ಷ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಅಂಥ ಒಂದು ಕಾರು, ಅಡ್ಡ ತಿರುಗುತ್ತಿದ್ದ ಲಾರಿಯ ಬಿಳಿ ಟ್ರೇಲರ್ ಕೆಳಗೆ ನುಗ್ಗಿತು. ಚಾಲಕ ತೀರಿಕೊಂಡರು. ಕೈ ಇಟ್ಟಿರಬೇಕಾದ 37 ನಿಮಿಷದಲ್ಲಿ ಅವರ ಕೈ ಸ್ಟೀರಿಂಗ್ ಮೇಲಿದ್ದುದು 25 ಸೆಕೆಂಡ್ ಎಂದು ತನಿಖೆಯಲ್ಲಿ ಗೊತ್ತಾಯಿತು. ಲಾರಿಯವರು ದಾರಿ ಬಿಡದಿದ್ದುದು, ಕಾರಿನವರು ಯಂತ್ರವನ್ನು ಅತಿಯಾಗಿ ನಂಬಿದ್ದು, ಹಾಗೆ ನಂಬಲು ಯಂತ್ರವೇ ಬಿಟ್ಟದ್ದು, ಮೂರನ್ನೂ ತನಿಖಾ ಮಂಡಳಿ ಎತ್ತಿ ತೋರಿಸಿತು.

2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಇನ್ನೊಬ್ಬರು ಸತ್ತರು. ಅವರು ಎಂಜಿನಿಯರ್. ಅದೇ ಜಾಗದಲ್ಲಿ ಕಾರು ಪಕ್ಕಕ್ಕೆ ಎಳೆಯುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿದ್ದರು. ಅಪಘಾತದ ಹೊತ್ತಿಗೆ ಅವರ ಫೋನಿನಲ್ಲಿ ಆಟವೊಂದು ತೆರೆದಿತ್ತು. ತಪ್ಪು ಗೊತ್ತಿದ್ದವರೂ ಮೈಮರೆಯುತ್ತಾರೆ.

2020ರ ಅಕ್ಟೋಬರ್‌ನಲ್ಲಿ ಟೆಸ್ಲಾ, ಊರೊಳಗಿನ ರಸ್ತೆಯಲ್ಲೂ ಓಡುವ ಸಾಫ್ಟ್‌ವೇರನ್ನು ಆಯ್ದ ಕೆಲವು ಗ್ರಾಹಕರಿಗೆ ಕೊಟ್ಟಿತು. ಇನ್ನೂ ಪೂರ್ತಿಯಾಗದ್ದು, ಹುಷಾರಾಗಿರಿ ಎಂದು ಹೇಳಿಯೇ ಕೊಟ್ಟಿತು. ಅವರು ಹಂಚಿಕೊಂಡ ಅನುಭವ ಹೆಚ್ಚುಕಡಿಮೆ ಒಂದೇ ರೀತಿ. ಒಂದು ತಿರುವನ್ನು ಕಾರು ಸೊಗಸಾಗಿ ತೆಗೆದುಕೊಳ್ಳುತ್ತದೆ, ಮುಂದಿನ ತಿರುವಿನಲ್ಲಿ ತಡವರಿಸುತ್ತದೆ. ಏನೂ ಇಲ್ಲದ ಕಡೆ ಬ್ರೇಕ್ ಹಾಕುತ್ತದೆ. ಹೊಸ ಅಪ್‌ಡೇಟ್ ಬಂದರೆ ಒಂದು ಸರಿಹೋಗಿ ಇನ್ನೊಂದು ಕೆಡುತ್ತದೆ. ಈಗಷ್ಟೇ ಡ್ರೈವಿಂಗ್ ಕಲಿಯುವ ಹುಡುಗನ ಪಕ್ಕ ಕೂತ ಹಾಗೆ ಎಂದರು ಹಲವರು.

2022ರಲ್ಲಿ ಸ್ಟಾಪ್ ಫಲಕದ ಬಳಿ ಪೂರ್ತಿ ನಿಲ್ಲದೆ ನುಸುಳುವ ದೋಷಕ್ಕೆ ಸುಮಾರು 54,000 ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. 2023ರ ಡಿಸೆಂಬರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಕಾರುಗಳಲ್ಲಿ, ಚಾಲಕರು ಗಮನ ಇಟ್ಟಿದ್ದಾರೋ ಇಲ್ಲವೋ ಎಂದು ನೋಡುವ ವ್ಯವಸ್ಥೆಯನ್ನು ಬಿಗಿ ಮಾಡಬೇಕಾಯಿತು.

ಸೈಕಲ್ ತಳ್ಳಿಕೊಂಡು ಹೋದ ಹೆಂಗಸು

ಇವರೆಲ್ಲ ಒಪ್ಪಿ ಕೂತವರು. ಒಪ್ಪದೆಯೇ ಪರೀಕ್ಷೆಯೊಳಗೆ ಸಿಕ್ಕಿದವರೂ ಇದ್ದಾರೆ.

2018ರ ಮಾರ್ಚ್ 18ರ ರಾತ್ರಿ ಅರಿಝೋನಾದ ಟೆಂಪಿ ಪಟ್ಟಣದಲ್ಲಿ ಒಬ್ಬ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಉಬರ್ ಕಂಪನಿಯ ಪರೀಕ್ಷಾ ಕಾರು ಬಂತು. ಯಂತ್ರಕ್ಕೆ ಅವರು ಕಂಡದ್ದು ಡಿಕ್ಕಿಗೆ 5.6 ಸೆಕೆಂಡ್ ಮೊದಲೇ. ಆದರೆ ಅದು ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಜನ ದಾಟುತ್ತಾರೆ ಎಂಬ ಲೆಕ್ಕವೇ ಅದರಲ್ಲಿರಲಿಲ್ಲ. ಕಾರಿನ ಜೊತೆ ಬಂದಿದ್ದ ತುರ್ತು ಬ್ರೇಕನ್ನು ಪರೀಕ್ಷೆಗಾಗಿ ಆಫ್ ಮಾಡಿದ್ದರು. ಮೊದಲು ಕಾರಿಗೆ ಇಬ್ಬರು ಕೂರುತ್ತಿದ್ದರು. ಅದನ್ನು ಕಂಪನಿ ಒಬ್ಬರಿಗೆ ಇಳಿಸಿತ್ತು. ಆ ಒಬ್ಬರು ಫೋನಿನಲ್ಲಿ ಟಿವಿ ಕಾರ್ಯಕ್ರಮ ನೋಡುತ್ತಿದ್ದರು. ಹೆಂಗಸು ಉಳಿಯಲಿಲ್ಲ.

ಶಿಕ್ಷೆ ಯಾರಿಗಾಯಿತು? ಕಂಪನಿಯ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಸೀಟಿನಲ್ಲಿ ಕೂತಿದ್ದ ಸಂಬಳದ ಕೆಲಸಗಾರರು 2023ರಲ್ಲಿ ತಪ್ಪೊಪ್ಪಿಕೊಂಡರು. ಮೂರು ವರ್ಷದ ನಿಗಾ ಶಿಕ್ಷೆಯಾಯಿತು. ಅವರ ತಪ್ಪು ಇದ್ದದ್ದು ನಿಜ. ಆದರೆ ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರೇ ಸಾಕು ಎಂದವರು, ಬ್ರೇಕ್ ಆಫ್ ಮಾಡಿದವರು ಆ ಕಟಕಟೆಗೆ ಬರಲೇ ಇಲ್ಲ.

ನಮ್ಮ ರಸ್ತೆಯ ಮಾತು

ಸೈಕಲ್ ತಳ್ಳಿಕೊಂಡು, ಎಮ್ಮೆ ಹೊಡೆದುಕೊಂಡು, ಎಲ್ಲೆಂದರಲ್ಲಿ ಹೆದ್ದಾರಿ ದಾಟುವವರು ನಾವು. ಅದಕ್ಕೇ ಈ ಕಥೆ ದೂರದ್ದಲ್ಲ.

ಹೈದರಾಬಾದಿನ ಐಐಐಟಿಯವರು ಬೆಂಗಳೂರು, ಹೈದರಾಬಾದ್ ಮತ್ತು ಹೊರವಲಯದ ರಸ್ತೆಗಳಲ್ಲಿ 182 ಬಾರಿ ಕಾರು ಓಡಿಸಿ, ಯಂತ್ರಕ್ಕೆ ಕಲಿಸಲೆಂದು ಸುಮಾರು 10,000 ಚಿತ್ರಗಳನ್ನು ಗುರುತು ಹಾಕಿ ಇಟ್ಟಿದ್ದಾರೆ. ವಿದೇಶದ ಪಟ್ಟಿ ನಮ್ಮ ರಸ್ತೆಗೆ ಸಾಲಲಿಲ್ಲ. ಆಟೋ, ದನ, ಟಾರಿನ ಪಕ್ಕದ ಮಣ್ಣು ದಾರಿ ಎಲ್ಲವನ್ನೂ ಸೇರಿಸಬೇಕಾಯಿತು.

ಚಾಲಕರಿಲ್ಲದ ಕಾರು ಬಂದರೆ ಜನರ ಕೆಲಸ ಹೋಗುತ್ತದೆ, ಬಿಡುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿ 2017ರಲ್ಲೇ ಹೇಳಿದ್ದರು. ಆದರೆ ಗೆರೆ ಹಿಡಿದು ಹೋಗುವ, ತಾನೇ ಬ್ರೇಕ್ ಹಾಕುವ ಸೌಲಭ್ಯದ ಕಾರುಗಳು ಈಗ ನಮ್ಮಲ್ಲೂ ಮಾರಾಟವಾಗುತ್ತಿವೆ. ಸೊನ್ನೆಯಿಂದ ಐದರವರೆಗಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇವು ಹೆಚ್ಚೆಂದರೆ ಎರಡನೇ ಹಂತದವು. ಎರಡನೇ ಹಂತದಲ್ಲಿ ಕಾರು ಏನೇ ಮಾಡಲಿ, ನೋಡಿಕೊಳ್ಳುವ ಹೊಣೆ ಚಾಲಕರದೇ. ತಾನೇ ಹೋಗುತ್ತೆ ಎನ್ನುವವರು ಇದೊಂದು ನೆನಪಿಡಬೇಕು.

ನಾವೂ ಒಂದು ಕೆಲಸ ಮಾಡಬಹುದು. ಟ್ರ್ಯಾಕ್ಟರ್ ಟ್ರೇಲರ್‌ಗೆ, ಗಾಡಿಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಬಹುದು. ಕ್ಯಾಮೆರಾಕ್ಕಲ್ಲದಿದ್ದರೂ ಮನುಷ್ಯರ ಕಣ್ಣಿಗೆ ಬೀಳುತ್ತದೆ.

ನಮ್ಮ ಚಾಲಕರು ಆ ಟ್ರ್ಯಾಕ್ಟರ್ ದಾಟಿದ ಮೇಲೆ ಬಟನ್ ಆಫ್ ಮಾಡಿ, ಚಿತ್ರದುರ್ಗದವರೆಗೂ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಬಂದರು. ಅಜ್ಜನ ಎತ್ತುಗಳ ಮಾತು ಹೇಳಿದಾಗ ನಕ್ಕರು. "ಎತ್ತು ನಡೆದುಕೊಂಡು ಬರ್ತಿತ್ತು ಸಾರ್, ಇದು ನೂರರಲ್ಲಿ ಹೋಗುತ್ತೆ" ಎಂದರು.

ನಿಮ್ಮ ಊರಿನಲ್ಲಿ ಇಂಥ ಕಾರು ಓಡಿಸುವವರಿದ್ದರೆ ಅವರ ಅನುಭವ ಕೇಳಿ, ನಮಗೂ ಬರೆದು ಕಳಿಸಿ.